ಪೊಲೀಸಾ, ಆರ್ಮಿಯಾ? ಮಲೆನಾಡಿನ ಹುಡುಗಿಯರಿಗೆ ನನ್ನ ಉತ್ತರ

ಶಿವಮೊಗ್ಗ ಜಿಲ್ಲೆಯ ಠಾಣೆಗಳಲ್ಲೇ ದುಡಿದು, ಕಾನ್‌ಸ್ಟೆಬಲ್ ಆಗಿ ಸೇರಿ ಎಎಸ್‌ಐ (ಸಹಾಯಕ ಸಬ್‌ಇನ್‌ಸ್ಪೆಕ್ಟರ್) ಆಗಿ ನಿವೃತ್ತಳಾದವಳು ನಾನು. ಈಗ ತೀರ್ಥಹಳ್ಳಿಯಲ್ಲಿ ಬೆಳಗ್ಗೆ ಹುಡುಗಿಯರಿಗೆ ಓಟದ ತರಬೇತಿ ಕೊಡುತ್ತೇನೆ. ಬಂದವರೆಲ್ಲ ಮೊದಲು ಕೇಳುವುದು ಇದನ್ನೇ: ‘ಮೇಡಂ, ಪೊಲೀಸ್‌ಗೆ ಹಾಕ್ಲಾ, ಆರ್ಮಿಗೆ ಹಾಕ್ಲಾ?’

ಮೊದಲು ಗಡಿಯಾರ ಹಿಡಿದು ಓಡಿ. ಕರ್ನಾಟಕ ಪೊಲೀಸ್‌ನ ಸಿವಿಲ್ ಕಾನ್‌ಸ್ಟೆಬಲ್ ಹುದ್ದೆಗೆ ಹುಡುಗಿಯರು 400 ಮೀಟರನ್ನು 2 ನಿಮಿಷದೊಳಗೆ ಮುಗಿಸಬೇಕು. ಎತ್ತರ 157 ಸೆಂ.ಮೀ., ತೂಕ 45 ಕೆ.ಜಿ. ಇರಬೇಕು. ಜತೆಗೆ 2.5 ಮೀಟರ್ ಉದ್ದ ಜಿಗಿತ ಅಥವಾ 0.9 ಮೀಟರ್ ಎತ್ತರ ಜಿಗಿತ, 4 ಕೆ.ಜಿ. ಗುಂಡನ್ನು 3.75 ಮೀಟರ್ ಎಸೆತ. ಸೈನ್ಯದ ಮಹಿಳಾ ಮಿಲಿಟರಿ ಪೊಲೀಸ್‌ಗೆ ಅಗ್ನಿವೀರ್ ಆಗಿ ಹೋಗುವುದಾದರೆ 1.6 ಕಿ.ಮೀ. ಓಟ. ಏಳೂವರೆ ನಿಮಿಷದೊಳಗೆ ಬಂದರೆ ವೇಗದ ಲೆಕ್ಕದಲ್ಲಿ ಮೊದಲ ಗುಂಪು, 8 ನಿಮಿಷದೊಳಗೆ ಎರಡನೆಯದು. ಲೆಕ್ಕ ಹಾಕಿ ನೋಡಿ: ನಮ್ಮ ಪೊಲೀಸ್‌ನವರು ಒಂದು ಸುತ್ತಿಗೆ ಕೊಡುವ 2 ನಿಮಿಷದ ವೇಗದಲ್ಲಿ ನಾಲ್ಕು ಸುತ್ತು ನಿಲ್ಲದೆ ಓಡಿದರೆ ಅಲ್ಲಿ ಎರಡನೇ ಗುಂಪು ಸಿಗುತ್ತದೆ ಅಷ್ಟೆ. ಮೊದಲ ಗುಂಪಿಗೆ ಪ್ರತಿ ಸುತ್ತೂ 1 ನಿಮಿಷ 52 ಸೆಕೆಂಡಿನಲ್ಲಿ ಮುಗಿಯಬೇಕು. ಎತ್ತರವೂ ಅಲ್ಲಿ ಹೆಚ್ಚು ಬೇಕು, 162 ಸೆಂ.ಮೀ. ಅಳತೆಗಳು ಆಗಾಗ ಬದಲಾಗುವುದರಿಂದ ಆ ವರ್ಷದ ಅಧಿಸೂಚನೆಯನ್ನು ನೀವೇ ಕೂತು ಓದಿ. ಅಣ್ಣ ಓದಿ ಹೇಳಿದ, ಸೈಬರ್ ಸೆಂಟರ್‌ನವರು ಹೇಳಿದರು ಎಂದರೆ ಸಾಲದು.

ನಮ್ಮ ಹುಡುಗಿಯರ ಕಾಲಿಗೆ ಏರು ಹತ್ತಿ ಅಭ್ಯಾಸ. ತೋಟಕ್ಕೆ ಇಳಿದು, ಹೊರೆ ಹೊತ್ತು ಮೇಲೆ ಬಂದವರಿಗೆ ಬಲಕ್ಕೇನೂ ಕೊರತೆಯಿಲ್ಲ. ಕೊರತೆಯಿರುವುದು ಸಮತಟ್ಟು ನೆಲದಲ್ಲಿ ಒಂದೇ ವೇಗ ಹಿಡಿದು ಓಡುವುದರಲ್ಲಿ. ಮೊದಲ ನೂರು ಮೀಟರ್ ಜೀವ ಬಿಟ್ಟು ಓಡಿ, ಮೂರನೇ ನೂರಕ್ಕೆ ಪಕ್ಕೆ ಹಿಡಿದು ನಿಲ್ಲುವವರೇ ಹೆಚ್ಚು. ಒಂದೊಂದು ನೂರಕ್ಕೂ ಗೆಳತಿಯ ಕೈಲಿ ಸಮಯ ಹೇಳಿಸಿಕೊಂಡು ಓಡಿ. ಗಾಜನೂರಿನ ಕಡೆಯವರಿಗೆ ತುಂಗಾ ನಾಲೆಯ ಏರಿ ಚೆನ್ನಾಗಿದೆ, ಶಿವಮೊಗ್ಗದವರಿಗೆ ನೆಹರು ಕ್ರೀಡಾಂಗಣವಿದೆ. ಹೊಸನಗರ, ಆಗುಂಬೆ ಕಡೆಯವರು ಶಾಲೆಯ ಮೈದಾನವನ್ನು ಹಗ್ಗ ಹಿಡಿದು ಅಳೆದುಕೊಳ್ಳಿ.

ಆರಿದ್ರಾ ಮಳೆ ಹಿಡಿದ ಮೇಲೆ ಮೈದಾನ ಕೆಸರಾಗುತ್ತದೆ, ಉಂಬಳ (ಜಿಗಣೆ) ಬೇರೆ. ಆಗ ಓಟ ನಿಲ್ಲಿಸಬೇಡಿ, ಡಾಂಬರು ರಸ್ತೆಗೆ ಬನ್ನಿ. ಗುಂಡು ಎಸೆತವನ್ನು ಮಳೆ ಬಿಟ್ಟ ಹೊತ್ತಿಗೆ ಅಂಗಳದಲ್ಲೇ ಮಾಡಬಹುದು. ಒದ್ದೆ ಶೂಗೆ ರಾತ್ರಿ ಪೇಪರ್ ತುಂಬಿ ಒಲೆಯ ಹತ್ತಿರ ಇಡಿ, ಮೇಲೆ ಬೇಡ.

ಓದಿನ ವಿಷಯ. ಕಾನ್‌ಸ್ಟೆಬಲ್‌ಗೆ ಪಿಯುಸಿ ಸಾಕು. ಮೊದಲು ಲಿಖಿತ ಪರೀಕ್ಷೆ, ಆಮೇಲೆ ದೈಹಿಕ. ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ, ಗೊತ್ತಿಲ್ಲದ್ದನ್ನು ಬಿಟ್ಟುಬಿಡಿ. ಪಿಎಸ್‌ಐಗೆ (ಪೊಲೀಸ್ ಸಬ್‌ಇನ್‌ಸ್ಪೆಕ್ಟರ್) ಪದವಿ ಬೇಕು, ಅಲ್ಲಿ ದೈಹಿಕ ಮೊದಲು. ಕಾಲೇಜಿನಲ್ಲಿದ್ದರೆ ಇವತ್ತೇ ಎನ್‌ಸಿಸಿ ಸೇರಿ. ‘ಸಿ’ ಸರ್ಟಿಫಿಕೇಟಿನಲ್ಲಿ ‘ಬಿ’ ಗ್ರೇಡ್, ಪದವಿಯಲ್ಲಿ ಶೇ 50 ಅಂಕ ಇದ್ದರೆ ಸೈನ್ಯದ ಅಧಿಕಾರಿ ಹುದ್ದೆಗೆ ಲಿಖಿತ ಪರೀಕ್ಷೆಯಿಲ್ಲದೆ ಎಸ್‌ಎಸ್‌ಬಿ (ಅಧಿಕಾರಿಗಳ ಆಯ್ಕೆ ಮಂಡಳಿ) ಸಂದರ್ಶನಕ್ಕೆ ಕರೆ ಬರುವ ದಾರಿಯಿದೆ. ಪಿಯುಸಿ ಆದವರಿಗೆ ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಬಾಗಿಲೂ 2022ರಿಂದ ತೆರೆದಿದೆ. ಮಿಲಿಟರಿ ಪೊಲೀಸ್‌ನ ಮೊದಲ ಮಹಿಳಾ ತಂಡ, 83 ಮಂದಿ, 2021ರ ಮೇ 8ರಂದು ತರಬೇತಿ ಮುಗಿಸಿ ಹೊರಬಂದದ್ದು ನಮ್ಮ ಬೆಂಗಳೂರಿನಲ್ಲೇ. ಆದರೆ ಅಗ್ನಿವೀರ್ ನೌಕರಿ 4 ವರ್ಷದ್ದು, ಆಮೇಲೆ ಉಳಿಸಿಕೊಳ್ಳುವುದು ಹೆಚ್ಚೆಂದರೆ ಶೇ 25 ಮಂದಿಯನ್ನು. ಇದನ್ನು ಅಪ್ಪ ಅಮ್ಮನಿಗೆ ಮೊದಲೇ ಹೇಳಿ.

ಇಷ್ಟು ಎಲ್ಲ ಕೋಚಿಂಗ್‌ನವರೂ ಹೇಳುತ್ತಾರೆ. ಸೇರಿದ ಮೇಲೆ ಒಳ್ಳೆಯ ಹೆಸರು ಬರುವುದು ಯಾವುದರಿಂದ ಅಂತ ಯಾರೂ ಹೇಳುವುದಿಲ್ಲ. ನಾನು ಕಂಡಂತೆ ಅದು ಬರವಣಿಗೆಯಿಂದ. 2017ರಲ್ಲಿ ನೀಲಮಣಿ ಎನ್. ರಾಜು ಅವರು ರಾಜ್ಯ ಪೊಲೀಸ್‌ನ ಮೊದಲ ಮಹಿಳಾ ಮುಖ್ಯಸ್ಥರಾದಾಗ ನಾವೆಲ್ಲ ಹೆಮ್ಮೆಪಟ್ಟೆವು. ಅಂದೂ ಹಳ್ಳಿಯ ಠಾಣೆಯಲ್ಲಿ ಹೆಣ್ಣುಮಗಳೊಬ್ಬಳು ನೊಂದು ಬಂದರೆ ಎದುರು ಕೂರಬೇಕಾದವಳು ನಾನೇ. ಅತ್ಯಾಚಾರ, ಲೈಂಗಿಕ ದೌರ್ಜನ್ಯದ ದೂರನ್ನು ಮಹಿಳಾ ಸಿಬ್ಬಂದಿಯೇ ದಾಖಲಿಸಬೇಕು ಎನ್ನುತ್ತದೆ ಕಾನೂನು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯಂತೆ ಮಗುವಿನ ಹೇಳಿಕೆಯನ್ನು ಮನೆಯಲ್ಲಿ ಅಥವಾ ಮಗು ಬಯಸಿದ ಜಾಗದಲ್ಲಿ ಪಡೆಯಬೇಕು, ಬರೆದುಕೊಳ್ಳುವವರು ಸಮವಸ್ತ್ರದಲ್ಲಿ ಇರಬಾರದು.

ಒಮ್ಮೆ ಮಹಿಳಾ ಪಿಎಸ್‌ಐ ಜತೆ ಹಾಗೆ ಒಂದು ಮನೆಗೆ ಹೋದೆವು. ಇಬ್ಬರೂ ನೂಲಿನ ಸೀರೆ ಉಟ್ಟಿದ್ದೆವು. ಹುಡುಗಿ ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದಳು, ತಲೆ ಎತ್ತಲಿಲ್ಲ. ಪಿಎಸ್‌ಐ ಪುಸ್ತಕ ತೆಗೆಯಲಿಲ್ಲ. ಒಂದು ಮೆಟ್ಟುಗತ್ತಿ ಕೇಳಿ ಪಡೆದು ತಾವೂ ಸುಲಿಯತೊಡಗಿದರು. ಬುಟ್ಟಿ ಅರ್ಧ ತುಂಬುವವರೆಗೆ ಮಾತಿಲ್ಲ. ಆಮೇಲೆ ಹುಡುಗಿಯೇ ಶುರು ಮಾಡಿದಳು. ಅವಳು ಹೇಳಿದ ಕ್ರಮದಲ್ಲಿ, ಅವಳ ಆಡುಮಾತಿನಲ್ಲೇ ಬರೆದುಕೊಂಡರು. ‘ಸದರಿ ಆರೋಪಿಯು’ ಎಂದು ಠಾಣೆಯ ಭಾಷೆ ತುರುಕಲಿಲ್ಲ. ಮಗು ಹೇಳಿದಂತೆಯೇ ಬರೆಯಬೇಕೆನ್ನುವುದು ಕಾಯ್ದೆಯಲ್ಲೂ ಇದೆ. ನ್ಯಾಯಾಲಯದಲ್ಲಿ ವಕೀಲರು ಎಷ್ಟು ತಿರುಚಿ ಕೇಳಿದರೂ ಅವಳು ಗಲಿಬಿಲಿಗೊಳ್ಳಲಿಲ್ಲ, ಯಾಕೆಂದರೆ ಕಾಗದದಲ್ಲಿ ಇದ್ದದ್ದು ಅವಳದೇ ಮಾತು. ನಾನು ಕಂಡ ದೊಡ್ಡ ಅಧಿಕಾರಿ ಆ ಪಿಎಸ್‌ಐ.

ಆ ಕೆಲಸಕ್ಕೆ ಈಗಿನಿಂದಲೇ ಕೈ ಪಳಗಿಸಬಹುದು. ಸಂಜೆ ಅಜ್ಜಿಯನ್ನು ಕೂರಿಸಿಕೊಂಡು ಹಳೆಯ ಗದ್ದೆ ಜಗಳವೋ, ಹೊಳೆ ಬಂದ ವರ್ಷದ ಕಥೆಯೋ ಕೇಳಿ. ನಡುವೆ ಬಾಯಿ ಹಾಕಬೇಡಿ. ಯಾರು, ಎಲ್ಲಿ, ಎಷ್ಟು ಹೊತ್ತಿಗೆ, ಯಾರು ನೋಡಿದರು ಎಂಬುದನ್ನು ಕೊನೆಗೆ ಕೇಳಿ. ಒಂದು ಪುಟ ಬರೆದು ಅವರಿಗೆ ಓದಿ ಹೇಳಿ. ‘ನಾನು ಹಂಗೆ ಹೇಳ್ಲಿಲ್ವಲ್ಲೇ’ ಎಂದ ಕಡೆಯೆಲ್ಲ ಗೀಟು ಹಾಕಿ ಅವರು ಹೇಳಿದಂತೆ ತಿದ್ದಿ. ಬೆಳಗ್ಗೆ ಓಡಲು ಬರುವಾಗ ಆ ಪುಟ ತನ್ನಿ, ನಾನು ನೋಡುತ್ತೇನೆ.