ಕಾಫಿ ಕಂಟೇನರ್ ರಫ್ತು: ಎಡವುವ ಜಾಗಗಳು

ಕಾಫಿ ಬೀಜ ರಫ್ತಿಗೆ ಡಿಜಿಎಫ್‌ಟಿ (ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಕೊಡುವ ಐಇಸಿ, ಅಂದರೆ ಆಮದು-ರಫ್ತು ಸಂಕೇತ ಸಂಖ್ಯೆ ಬೇಕು, ಕಾಫಿ ಮಂಡಳಿಯಲ್ಲಿ ನೋಂದಣಿಯೂ ಬೇಕು. ವಿವರ ಬದಲಾಗದಿದ್ದರೂ ಐಇಸಿಯನ್ನು ಪ್ರತಿ ವರ್ಷ ಏಪ್ರಿಲ್–ಜೂನ್ ಒಳಗೆ ಆನ್‌ಲೈನ್‌ನಲ್ಲಿ ದೃಢೀಕರಿಸಿ. ಮರೆತರೆ ಅದು ನಿಷ್ಕ್ರಿಯವಾಗಿ, ಸರಕು ಬಂದರಿನಲ್ಲೇ ಕೂರುತ್ತದೆ.

20 ಅಡಿ ಕಂಟೇನರ್‌ಗೆ 60 ಕೆಜಿಯ 320 ಚೀಲ, ಅಂದರೆ 19.2 ಟನ್, ಸಾಮಾನ್ಯ ಲೆಕ್ಕ. ತುಂಬುವ ಮೊದಲು ಒಳಗೆ ನಿಂತು ಬಾಗಿಲು ಮುಚ್ಚಿಸಿ ನೋಡಿ. ಬೆಳಕಿನ ಚುಕ್ಕೆ ಕಂಡರೆ ಆ ಕಂಟೇನರ್ ಬೇಡ. ಬೀಜದ ತೇವಾಂಶ 12.5% ದಾಟಬಾರದು. ಮಂಗಳೂರಿನ ಸೆಕೆಯಿಂದ ಯುರೋಪಿನ ಚಳಿಗೆ ಹೋಗುವಾಗ ಛಾವಣಿಯಲ್ಲಿ ನೀರು ಹನಿಗಟ್ಟಿ ಮೇಲಿನ ಚೀಲಗಳ ಮೇಲೆ ಬೀಳುತ್ತದೆ, ಬೂಷ್ಟು ಹಿಡಿಯುತ್ತದೆ. ಕ್ರಾಫ್ಟ್ ಕಾಗದದ ಒಳಪದರ ಮತ್ತು ತೇವ ಹೀರುವ ಪೊಟ್ಟಣಗಳಿಗೆ ಜಿಪುಣತನ ಖಂಡಿತ ಬೇಡ.

ಹಣ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಲೆಟರ್ ಆಫ್ ಕ್ರೆಡಿಟ್‌ನಲ್ಲಿ, ಅಂದರೆ ಷರತ್ತಿನಂತೆ ದಾಖಲೆ ಕೊಟ್ಟರೆ ಹಣ ಕೊಡುತ್ತೇವೆಂದು ಖರೀದಿದಾರರ ಬ್ಯಾಂಕ್ ಬರೆದುಕೊಡುವ ಪತ್ರದಲ್ಲಿ. ಬ್ಯಾಂಕ್ ನೋಡುವುದು ಕಾಗದವನ್ನು, ಕಾಫಿಯನ್ನಲ್ಲ. ಇಂಥ ಪತ್ರಗಳಿಗೆ ಅನ್ವಯಿಸುವ ಅಂತರರಾಷ್ಟ್ರೀಯ ನಿಯಮಾವಳಿ ಯುಸಿಪಿ 600 ಪ್ರಕಾರ ಪ್ರಮಾಣದಲ್ಲಿ 5% ಏರಿಳಿತಕ್ಕೆ ಅವಕಾಶವಿದೆ, ಆದರೆ ಚೀಲಗಳ ಸಂಖ್ಯೆಯನ್ನೇ ಬರೆದಿದ್ದರೆ ಇಲ್ಲ. "320 ಚೀಲ" ಎಂದಿದ್ದು 318 ಕಳಿಸಿದರೆ ಅದು ದೋಷವೇ. ಹಾಗಾಗಿ ಕ್ರೆಡಿಟ್‌ನ ಕರಡು ಕೈಗೆ ಬಂದ ದಿನವೇ ಈ ಸಾಲನ್ನು ಓದಿ, ಬೇಕಿದ್ದರೆ ತಿದ್ದುಪಡಿ ಕೇಳಿ; ಹಡಗು ಹೊರಟ ಮೇಲೆ ಖರೀದಿದಾರರ ಕೈ ಮೇಲಾಗಿರುತ್ತದೆ. ಬೇರೆ ಅವಧಿ ನಮೂದಿಸದಿದ್ದರೆ ಸರಕು ಸಾಗಿಸಿದ 21 ದಿನದೊಳಗೆ, ಕ್ರೆಡಿಟ್‌ನ ಅವಧಿ ಮುಗಿಯುವ ಮುನ್ನ, ದಾಖಲೆಗಳು ಬ್ಯಾಂಕ್ ತಲುಪಬೇಕು. ಪರಿಶೀಲನೆಗೆ ಬ್ಯಾಂಕಿಗೆ 5 ಕೆಲಸದ ದಿನಗಳಿವೆ. ಮೊದಲ ವಾರದಲ್ಲೇ ಸಲ್ಲಿಸಿದರೆ ತಪ್ಪು ತಿದ್ದಿ ಮತ್ತೆ ಕೊಡಲು ಸಮಯ ಉಳಿಯುತ್ತದೆ.