ಪಕ್ಕದ ಮಂಚದ ಹುಡುಗ

ನನ್ನ ಕಾದಂಬರಿಯ ಮೊದಲ ಕರಡನ್ನು ಓದಿದ ಗೆಳತಿ 19ನೇ ಅಧ್ಯಾಯದ ಅಂಚಿನಲ್ಲಿ ಪೆನ್ಸಿಲ್‌ನಿಂದ ಹೀಗೆ ಬರೆದಿದ್ದಳು: ‘ಪಕ್ಕದ ಮಂಚದ ಹುಡುಗನಿಗೂ ಇವಳು ಇದೇ ಪ್ರಾರ್ಥನೆ ಮಾಡಿದ್ದಳಲ್ವಾ? ಅವನು 4ನೇ ಅಧ್ಯಾಯದಲ್ಲೇ ಸತ್ತುಹೋದನಲ್ಲ?’

ಅವಳು ದೇವರ ಬಗ್ಗೆ ವಾದಕ್ಕೆ ಬಂದಿರಲಿಲ್ಲ. ಕಥೆಯಲ್ಲಿ ಒಂದು ತೂತು ಕಂಡಿತು, ತೋರಿಸಿದಳು, ಅಷ್ಟೇ. ನಾಯಕನ ಅಂಗಿಯ ಬಣ್ಣ ಒಂದು ಕಡೆ ನೀಲಿ, ಇನ್ನೊಂದು ಕಡೆ ಬೂದು ಅಂತ ತೋರಿಸಿದ ಹಾಗೇ. ಆದರೆ ಬಣ್ಣವನ್ನು ಐದು ನಿಮಿಷದಲ್ಲಿ ಸರಿ ಮಾಡಬಹುದು. ಈ ತೂತಿಗೆ ನನಗೆ ಎರಡು ವರ್ಷ ಬೇಕಾಯಿತು.

ಕಥೆ ನಡೆಯುವುದು ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, ಅಲ್ಲಿನ ಉತ್ತರದ ಮತ್ತು ದಕ್ಷಿಣದ ರಾಜ್ಯಗಳು ತಮ್ಮತಮ್ಮಲ್ಲೇ ಕಾದಾಡಿದಾಗ. 1862ರ ಡಿಸೆಂಬರ್‌ನಲ್ಲಿ ಫ್ರೆಡೆರಿಕ್ಸ್‌ಬರ್ಗ್‌ನ ಕದನ ಮುಗಿದ ಮೇಲೆ ಗಾಯಾಳುಗಳನ್ನು ವಾಷಿಂಗ್ಟನ್‌ನ ಆಸ್ಪತ್ರೆಗಳಿಗೆ ಸಾಗಿಸಿದರು. ಅಂಥ ಒಂದು ವಾರ್ಡ್ ನನ್ನ ಕಥೆಯ ಜಾಗ. ಮೊದಲ ಕರಡಿನಲ್ಲಿ ನಾಯಕಿಗೆ 22 ವರ್ಷ, ಚಿನ್ನದ ಬಣ್ಣದ ಗುಂಗುರು ಕೂದಲು. ನಾಯಕ ಕಾಲು ಕಳೆದುಕೊಂಡ ಸೈನಿಕ, ದೇವರ ಮೇಲೆ ಮುನಿಸು. ಅವನಿಗೆ ಜ್ವರ ಏರುತ್ತದೆ. ಅವಳು ರಾತ್ರಿಯಿಡೀ ಮೊಣಕಾಲೂರಿ ಪ್ರಾರ್ಥಿಸುತ್ತಾಳೆ. ಬೆಳಗಾಗುವಾಗ ಜ್ವರ ಬಿಡುತ್ತದೆ, ಅವನಿಗೆ ನಂಬಿಕೆ ಬರುತ್ತದೆ, ಕೊನೆಗೆ ಮದುವೆ. ಬರೆಯುವಾಗ ನಾನೇ ಅತ್ತಿದ್ದೆ. ಈಗ ಆ ಪುಟಗಳನ್ನು ಓದಿದರೆ ಮುಖ ಬಿಸಿಯಾಗುತ್ತದೆ.

ಮೊದಲು ಉದುರಿದ್ದು ಆ ಗುಂಗುರು ಕೂದಲು. 1861ರ ಜೂನ್‌ನಲ್ಲಿ ಉತ್ತರದ ಸೇನೆಯ ನರ್ಸ್‌ಗಳ ಮೇಲ್ವಿಚಾರಕಿಯಾಗಿ ಬಂದ ಡೊರೊಥಿಯಾ ಡಿಕ್ಸ್ ಅವರ ನಿಯಮಗಳನ್ನು ನಾನು ಓದಿದ್ದು ಕರಡು ಮುಗಿಸಿದ ಮೇಲೆ. ಮೊದಲೇ ಓದಬೇಕಿತ್ತು, ನಿಜ. ವಯಸ್ಸು 35ರಿಂದ 50. ಬಟ್ಟೆ ಕಂದು, ಬೂದು ಇಲ್ಲವೇ ಕಪ್ಪು. ರಿಬ್ಬನ್ ಗಂಟು ಬೇಡ, ಗುಂಗುರು ಬೇಡ, ಒಡವೆ ಬೇಡ, ಒಳಗೆ ದೊಡ್ಡ ಬಳೆಯಂಥ ಚೌಕಟ್ಟು ಇಟ್ಟು ಉಬ್ಬಿಸಿದ ಲಂಗ ಬೇಡ. ನೋಡಲು ಸಾದಾ ಇದ್ದರೆ ಒಳ್ಳೆಯದು. ಸಂಬಳ ದಿನಕ್ಕೆ 40 ಸೆಂಟ್ ಮತ್ತು ಊಟ. ಆಸ್ಪತ್ರೆಯಲ್ಲಿ ಪ್ರೇಮ ಪ್ರಕರಣ ಶುರುವಾಗಬಾರದು ಎಂಬ ಅಂಜಿಕೆ ಒಂದೊಂದು ನಿಯಮದಲ್ಲೂ ಕಾಣುತ್ತದೆ. ನನ್ನ ನಾಯಕಿಯನ್ನು ಡಿಕ್ಸ್ ಬಾಗಿಲಲ್ಲೇ ನಿಲ್ಲಿಸಿ ವಾಪಸ್ ಕಳಿಸುತ್ತಿದ್ದರು.

ಬೇರೆ ದಾರಿಯಲ್ಲಿ ಬಂದ ನರ್ಸ್‌ಗಳೂ ಇದ್ದರು. ಕ್ಯಾಥೊಲಿಕ್ ಸನ್ಯಾಸಿನಿಯರಿದ್ದರು, ತಾವಾಗಿಯೇ ಬಂದು ನಿಂತವರಿದ್ದರು. ಆ ನೆಪ ಹಿಡಿದು ಹುಡುಗಿಯನ್ನು ಉಳಿಸಿಕೊಳ್ಳಬಹುದಿತ್ತು. ಉಳಿಸಿಕೊಳ್ಳಲಿಲ್ಲ. ನಾಯಕಿಗೆ 38 ಮಾಡಿದೆ, ವಿಧವೆ ಮಾಡಿದೆ. ಹಾಗೆ ಮಾಡಿದ ದಿನವೇ ಅವಳು ಮಾತಾಡಲು ಶುರು ಮಾಡಿದಳು. ಗಂಡನಿಗಾಗಿಯೂ ಒಮ್ಮೆ ಪ್ರಾರ್ಥಿಸಿ ಸೋತವಳು ಅವಳು. 22ರ ಹುಡುಗಿಗೆ ಕೇಳಲು ಬಾರದ ಪ್ರಶ್ನೆ ಅವಳ ಬಾಯಲ್ಲಿ ಸಿದ್ಧವಾಗಿತ್ತು.

ಆಮೇಲೆ ವೈದ್ಯಕೀಯ. ಇಲ್ಲಿ ನಾನು ಮಾಡಿದ ತಪ್ಪು ಒಂದೆರಡಲ್ಲ. ನನ್ನ ಡಾಕ್ಟರ್ ಕೈ ತೊಳೆದು, ಕತ್ತರಿಗಳನ್ನು ಕುದಿಸಿ ಶಸ್ತ್ರಚಿಕಿತ್ಸೆಗೆ ಇಳಿಯುತ್ತಿದ್ದ. ಒಳ್ಳೆಯ ಡಾಕ್ಟರ್ ಅಂತ ತೋರಿಸಬೇಕಿತ್ತಲ್ಲ! ಆದರೆ ಬ್ರಿಟನ್ನಿನ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ಗಾಯ ನಂಜಾಗದಂತೆ ತಡೆಯುವ ತಮ್ಮ ವಿಧಾನವನ್ನು ಪ್ರಕಟಿಸಿದ್ದು 1867ರಲ್ಲಿ. ಅಷ್ಟರಲ್ಲಿ ಯುದ್ಧ ಮುಗಿದು ಎರಡು ವರ್ಷ ಆಗಿತ್ತು. 1862ರ ಒಳ್ಳೆಯ ಡಾಕ್ಟರ್ ಒಬ್ಬನ ಗಾಯಕ್ಕೆ ಮುಟ್ಟಿದ ಸ್ಪಂಜನ್ನೇ ಇನ್ನೊಬ್ಬನ ಗಾಯಕ್ಕೂ ಮುಟ್ಟಿಸುತ್ತಿದ್ದ. ಗಾಯದಲ್ಲಿ ದಪ್ಪಗೆ, ಬೆಳ್ಳಗೆ ಕೀವು ಕಂಡರೆ ಖುಷಿಪಡುತ್ತಿದ್ದ. ಅದು ‘ಒಳ್ಳೆಯ ಕೀವು’, ಗಾಯ ಮಾಗುವ ಗುರುತು ಅಂತ ಆ ಕಾಲದವರ ನಂಬಿಕೆ. ಈ ದೃಶ್ಯವನ್ನು ನಾನು ಹೆದರುತ್ತಲೇ ಬರೆದೆ. ಓದುಗರಿಗೆ ಗೊತ್ತು, ವಾರ್ಡಿನಲ್ಲಿ ಯಾರಿಗೂ ಗೊತ್ತಿಲ್ಲ. ಡಾಕ್ಟರ್ ನಗುತ್ತಾನೆ, ಸೈನಿಕನೂ ನಗುತ್ತಾನೆ.

ಹಲ್ಲಿನ ನಡುವೆ ಚರ್ಮದ ಪಟ್ಟಿ ಕಚ್ಚಿಸಿ ಕಾಲು ಕತ್ತರಿಸುವ ದೃಶ್ಯವೂ ಹೋಯಿತು. ಅರಿವಳಿಕೆಗೆ ಈಥರ್ 1846ರಿಂದ ಇತ್ತು, ಕ್ಲೋರೋಫಾರ್ಮ್ 1847ರಿಂದ. ಆ ಯುದ್ಧದ ಹೆಚ್ಚಿನ ಶಸ್ತ್ರಚಿಕಿತ್ಸೆಗಳು ಅರಿವಳಿಕೆ ಕೊಟ್ಟೇ ನಡೆದವು. ನಿಜವಾದ ಭಯ ಆಮೇಲೆ. ರಕ್ತನಾಳ ಕಟ್ಟಿದ ದಾರದ ತುದಿಯನ್ನು ಗಾಯದಿಂದ ಹೊರಗೆ ಇಳಿಬಿಡುತ್ತಿದ್ದರು. ನಾಳದ ತುದಿ ಕೊಳೆತು ದಾರ ತಾನಾಗಿ ಬಿಡಬೇಕು. ಹಾಗೆ ಬಿಡುವ ಹೊತ್ತಿಗೆ ಒಮ್ಮೊಮ್ಮೆ ರಕ್ತ ಚಿಮ್ಮಿ ಮನುಷ್ಯ ಹೋಗಿಬಿಡುತ್ತಿದ್ದ. ಅಂದರೆ ಕಾಲು ಹೋದ ದಿನಕ್ಕಿಂತ ಎರಡನೇ ವಾರ ಗಂಡಾಂತರದ್ದು. ನನಗೆ ಬೇಕಾದ ಕಾಯುವಿಕೆ ಅಲ್ಲಿ ಸಿಕ್ಕಿತು. ಒಂದು ರಾತ್ರಿಯ ಪ್ರಾರ್ಥನೆಯ ಬದಲು ಹದಿನಾಲ್ಕು ದಿನದ ಪ್ರಾರ್ಥನೆ. ಅದೂ ಬಟ್ಟೆ ಬದಲಿಸುತ್ತಾ, ಬಕೆಟ್ ಎತ್ತುತ್ತಾ, ನಿದ್ದೆಗಣ್ಣಲ್ಲಿ, ನಡುವೆ ಮರೆತುಹೋಗುತ್ತಾ.

ಈಗ ಆ ಪಕ್ಕದ ಮಂಚದ ಹುಡುಗನ ವಿಷಯ.

ನಾನು ಚರ್ಚಿನ ಸಭೆಯಲ್ಲಿ, ದೇವರು ತಮಗೆ ಮಾಡಿದ್ದನ್ನು ಜನ ಎದ್ದು ನಿಂತು ಹೇಳುವ ಸಾಕ್ಷಿಗಳನ್ನು ಕೇಳುತ್ತಾ ಬೆಳೆದವಳು. ಕಾಯಿಲೆ ಬಂತು, ಪ್ರಾರ್ಥಿಸಿದೆವು, ಕರ್ತನು ವಾಸಿ ಮಾಡಿದನು. ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ಸಾಕ್ಷಿ ಹೇಳಲು ಎದ್ದು ನಿಲ್ಲುವವರು ವಾಸಿಯಾದವರು ಮಾತ್ರ. ಉಳಿದವರ ಮನೆಯವರು ಹಿಂದಿನ ಸಾಲಿನಲ್ಲಿ ಸುಮ್ನೆ ಕೂತಿರುತ್ತಾರೆ. ನನ್ನ ಮೊದಲ ಕರಡೂ ಮುಂದೆ ನಿಂತವರ ಸಾಕ್ಷಿಯೇ ಆಗಿತ್ತು. ಹಿಂದಿನ ಸಾಲಿನವರನ್ನು 4ನೇ ಅಧ್ಯಾಯದಲ್ಲೇ ಮಣ್ಣು ಮಾಡಿ ಮುಂದೆ ಹೋಗಿದ್ದೆ.

ಸತ್ಯವೇದವನ್ನು, ಅಂದರೆ ಬೈಬಲನ್ನು, ಈ ಒಂದೇ ಪ್ರಶ್ನೆ ಇಟ್ಟುಕೊಂಡು ಮತ್ತೆ ಓದಿದೆ. ಹುಟ್ಟುಕುರುಡನನ್ನು ಕಂಡು ಶಿಷ್ಯರು ಯಾರ ಪಾಪ ಅಂತ ಕೇಳುತ್ತಾರೆ, ಇವನದೂ ಅಲ್ಲ, ಹೆತ್ತವರದೂ ಅಲ್ಲ ಅನ್ನುತ್ತಾನೆ ಯೇಸು. ಅಪೊಸ್ತಲ ಪೌಲ ತನ್ನ ‘ಶರೀರದ ಮುಳ್ಳು’, ಅಂದರೆ ತನ್ನನ್ನು ಕಾಡುತ್ತಿದ್ದ ಬಾಧೆ, ಹೋಗಲಿ ಅಂತ ಮೂರು ಸಲ ಬೇಡಿದ, ಹೋಗಲಿಲ್ಲ. ಇವೆಲ್ಲ ಗೊತ್ತಿದ್ದವೇ. ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡನೆಯ ತಿಮೊಥೆಯ ಪತ್ರದ ಕೊನೆಯ ಅಧ್ಯಾಯದ ಅರ್ಧ ಸಾಲು. ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತ ಎಂಬ ಊರಿನಲ್ಲಿ ಬಿಟ್ಟು ಬಂದೆ ಅನ್ನುತ್ತಾನೆ ಪೌಲ. ಅಷ್ಟೇ. ಕಾರಣ ಇಲ್ಲ, ಸಮಜಾಯಿಷಿ ಇಲ್ಲ, ಪಾಠವೂ ಇಲ್ಲ. ಬೈಬಲ್ಲಿನದೇ ‘ಅಪೊಸ್ತಲರ ಕೃತ್ಯಗಳು’ ಭಾಗದಲ್ಲಿ ಪೌಲನ ಮೈ ಮುಟ್ಟಿದ ಬಟ್ಟೆಯಿಂದಲೂ ರೋಗ ಹೋಯಿತು ಅಂತ ಇದೆ. ಅದೇ ಪೌಲ ತನ್ನ ಜೊತೆಗಾರನನ್ನು ಕಾಯಿಲೆಯಲ್ಲಿ ಬಿಟ್ಟು ಮುಂದೆ ಹೋಗಿದ್ದಾನೆ! ಈ ಅರ್ಧ ಸಾಲನ್ನು ನಾಯಕಿಯ ಕೈಗೆ ಕೊಟ್ಟೆ. ಅವಳಿಗೂ ಇದರ ಅರ್ಥ ಗೊತ್ತಾಗುವುದಿಲ್ಲ. ಆದರೆ ಅದು ಪುಸ್ತಕದಲ್ಲಿ ಇದೆ, ಯಾರೂ ಅಳಿಸಿಲ್ಲ ಅನ್ನುವುದೇ ಅವಳಿಗೆ ಒಂಥರಾ ಧೈರ್ಯ.

ಹುಡುಗನ ಸಾವನ್ನು ನಾನು ತೆಗೆಯಲಿಲ್ಲ. 4ರಿಂದ 11ನೇ ಅಧ್ಯಾಯಕ್ಕೆ ಸರಿಸಿದೆ. ಓದುಗರಿಗೆ ಅವನ ಪರಿಚಯ ಆಗಲಿ ಅಂತ. ಗುಂಡಿನ ಬದಲು ಟೈಫಾಯಿಡ್ ಕೊಟ್ಟೆ. ಆ ಯುದ್ಧದ ಸಾವುಗಳಲ್ಲಿ ಸುಮಾರು ಮೂರರಲ್ಲಿ ಎರಡು ಕಾಯಿಲೆಯಿಂದ ಆದವು. ಗುಂಡೇಟಿಗೆ ಸತ್ತವರು ಅದಕ್ಕಿಂತ ಕಡಿಮೆ.

ಸತ್ತ ಮೇಲೆ ಕಾಗದ ಬರೆಯಬೇಕು. ಆ ಕಾಲದ ಸಂತಾಪ ಪತ್ರಗಳನ್ನು ಓದುತ್ತಾ ಹೋದರೆ ಎಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗಿವೆ. ನಿಮ್ಮ ಮಗ ನೋವಿಲ್ಲದೆ ಹೋದ, ನಿಮ್ಮನ್ನು ನೆನೆದ, ದೇವರ ಮೇಲೆ ಭರವಸೆ ಇಟ್ಟೇ ಕಣ್ಣು ಮುಚ್ಚಿದ. ಮನೆಯವರಿಗೆ ಈ ಕೊನೆಯ ಮಾತು ಬಹಳ ಮುಖ್ಯ. ಮಗ ರಕ್ಷಣೆ ಹೊಂದಿ ಸತ್ತನೋ ಇಲ್ಲವೋ, ಸ್ವರ್ಗದಲ್ಲಿ ಸಿಗುತ್ತಾನೋ ಇಲ್ಲವೋ ಎಂಬುದನ್ನು ಅವರು ಆ ಕಾಗದದಲ್ಲೇ ಹುಡುಕುತ್ತಿದ್ದರು. ನನ್ನ ಹುಡುಗ ಹಾಗೆ ಸಾಯುವುದಿಲ್ಲ. ಸನ್ನಿಯಲ್ಲಿ ಬಡಬಡಿಸಿ, ಬೈದು, ಯಾರ ಗುರುತೂ ಸಿಗದೆ ಸಾಯುತ್ತಾನೆ. ನಾಯಕಿ ಏನು ಬರೆಯಬೇಕು? ಸುಳ್ಳು ಬರೆದರೆ ಅವಳ ನಂಬಿಕೆಗೆ ಕುಂದು. ನಿಜ ಬರೆದರೆ ಆ ತಾಯಿ ಬದುಕಿರುವಷ್ಟು ದಿನ ನರಳಬೇಕು.

ಈ ಒಂದು ಕಾಗದವನ್ನು ಹದಿನೇಳು ಸಲ ಬರೆದೆ. ಇಡೀ ಕಾದಂಬರಿಯಲ್ಲಿ ಇಷ್ಟು ಕಷ್ಟ ಕೊಟ್ಟದ್ದು ಬೇರೊಂದಿಲ್ಲ. ಕೊನೆಗೆ ಉಳಿದದ್ದು ಇದು: ಅವನು ಏನು ನಂಬಿದ್ದ ಅಂತ ಅವಳು ಬರೆಯುವುದಿಲ್ಲ. ಬೈಬಲ್ಲಿನ 23ನೇ ಕೀರ್ತನೆಯನ್ನು ತಾನು ಅವನ ಕಿವಿಯಲ್ಲಿ ಹೇಳಿದೆ, ಆಗ ಅವನ ಕೈ ನನ್ನ ಕೈಯಲ್ಲಿತ್ತು ಅಂತ ಮಾತ್ರ ಬರೆಯುತ್ತಾಳೆ. ಎರಡೂ ನಿಜ. ಆ ಕಾಗದವನ್ನು ಮಡಿಸುವಾಗ ನಾಯಕ ಪಕ್ಕದ ಮಂಚದಿಂದ ನೋಡುತ್ತಿರುತ್ತಾನೆ. ಅವನಿಗೆ ಅವಳ ಮೇಲೆ ಮನಸ್ಸಾಗುವುದು ಆ ಹೊತ್ತಿನಲ್ಲಿ. ಮೊದಲ ಕರಡಿನಲ್ಲಿ ಅವಳ ಕೂದಲು ನೋಡಿ ಮನಸ್ಸಾಗಿತ್ತು.

ಪ್ರೇಮದ ಬಗ್ಗೆ ಹೇಳುವುದಾದರೆ, ನನ್ನದರಂಥ ಕ್ರೈಸ್ತ ಪ್ರೇಮಕಾದಂಬರಿಗಳಲ್ಲಿ ಸಂಯಮ ಒಂದು ಕಟ್ಟುಪಾಡು. ಮದುವೆಗೆ ಮುಂಚೆ ಹೆಚ್ಚೆಂದರೆ ಒಂದು ಮುತ್ತು. ನನಗೆ ತೊಡಕಾದದ್ದು ಇನ್ನೊಂದು. ನರ್ಸ್ ಮೊದಲ ದಿನವೇ ಅವನ ಮೈ ಒರೆಸಿದ್ದಾಳೆ, ಗಾಯ ತೊಳೆದಿದ್ದಾಳೆ. ಕೈಗೆ ಕೈ ತಾಗಿ ಮಿಂಚು ಹೊಡೆಯಿತು ಅಂತ ಬರೆದರೆ ಯಾರು ನಂಬುತ್ತಾರೆ? ಬಹಳ ದಿನ ಒದ್ದಾಡಿದ ಮೇಲೆ ಲೆಕ್ಕವನ್ನು ತಿರುಗಿಸಿದೆ. ಕಾಯಿಲೆ ಇದ್ದಷ್ಟು ದಿನ ಅವಳಿಗೆ ಅವನನ್ನು ಮುಟ್ಟುವ ಹಕ್ಕಿದೆ. ಅವನು ಊರುಗೋಲು ಹಿಡಿದು ಎದ್ದು ನಿಂತ ದಿನ ಆ ಹಕ್ಕು ಹೋಗುತ್ತದೆ. ಅವನು ವಾಸಿಯಾದ ಅಂತ ಖುಷಿ, ಇನ್ನು ಮುಟ್ಟುವ ಹಾಗಿಲ್ಲ ಅಂತ ಸಂಕಟ. ಬಿದ್ದಾನೇನೋ ಅಂತ ಕೈ ಮುಂದೆ ಹೋಗುತ್ತದೆ, ಅರ್ಧದಲ್ಲೇ ನಿಲ್ಲುತ್ತದೆ. ಆ ನಿಂತ ಕೈಯೇ ನನ್ನ ಪ್ರೇಮದೃಶ್ಯ.

ಆಮೇಲೆ ಕಾಯಿಲೆ ಬೀಳುವುದು ಅವಳ ಸರದಿ. ವಾರ್ಡಿನ ಟೈಫಾಯಿಡ್ ನರ್ಸ್‌ಗಳನ್ನೂ ಬಿಡುತ್ತಿರಲಿಲ್ಲ. ತಲೆ ಬೋಳಿಸುತ್ತಾರೆ. ಡಾಕ್ಟರ್ ಕ್ಯಾಲೊಮೆಲ್ ಕೊಡುತ್ತಾನೆ. ಅದು ಪಾದರಸದ ಔಷಧ, ಜಾಸ್ತಿಯಾದರೆ ಒಸಡು ಹುಣ್ಣಾಗಿ ಹಲ್ಲು ಉದುರುತ್ತದೆ. ಸೇನೆಯ ವೈದ್ಯರ ಮುಖ್ಯಸ್ಥ, ಸರ್ಜನ್ ಜನರಲ್ ವಿಲಿಯಂ ಹ್ಯಾಮಂಡ್ ಅದನ್ನು ಸೇನೆಯ ಔಷಧಪಟ್ಟಿಯಿಂದ ತೆಗೆಸಿದ್ದು 1863ರ ಮೇ ತಿಂಗಳಲ್ಲಿ, ಡಾಕ್ಟರುಗಳೆಲ್ಲ ಸಿಟ್ಟಾದರು. ನನ್ನ ನಾಯಕಿಗೆ ಕಾಯಿಲೆ ಬಂದದ್ದು ಫೆಬ್ರವರಿಯಲ್ಲಿ. ಅವಳು ಬದುಕುತ್ತಾಳೆ, ಎರಡು ಹಲ್ಲು ಹೋಗುತ್ತವೆ. ಔಷಧದಿಂದ ಬದುಕಿದಳೋ, ಔಷಧ ಕೊಟ್ಟರೂ ಬದುಕಿದಳೋ, ಪ್ರಾರ್ಥನೆಯಿಂದಲೋ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕಥೆ ಹೇಳುವ ನಾನು ಬಾಯಿ ಬಿಡುವುದಿಲ್ಲ. ನನಗೇನು ಅನಿಸುತ್ತದೆ ಅಂದರೆ, ದೇವರ ಕೈ ಇತ್ತು ಅಂತಲೇ. ಅದನ್ನು ಪುಟದ ಮೇಲೆ ಹಾಕಿದರೆ ಮತ್ತೆ ಆ ಹುಡುಗನ ಲೆಕ್ಕ ಕೊಡಬೇಕಾಗುತ್ತದೆ.

ಇನ್ನೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಆಸ್ಪತ್ರೆಯ ಬಟ್ಟೆ ಒಗೆಯುವ, ಅಡುಗೆ ಮಾಡುವ ಕೆಲಸದಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಕಪ್ಪು ಹೆಂಗಸರು ಬಹಳ ಮಂದಿ ಇದ್ದರು. ಅಂಥ ಒಬ್ಬಳನ್ನು ತಂದು ನಾಯಕಿಗೆ ಸಮಾಧಾನ ಹೇಳಲು ಕೂರಿಸಿದ್ದೆ. ಅವಳಿಗೆ ತನ್ನದೇ ದುಃಖ ಇರಲಿಲ್ಲ, ಬರೀ ಬುದ್ಧಿವಾದ ಇತ್ತು. 1863ರ ಜನವರಿ 1ರಂದು ಅಧ್ಯಕ್ಷ ಲಿಂಕನ್ ಗುಲಾಮರ ವಿಮೋಚನೆಯ ಘೋಷಣೆ ಹೊರಡಿಸುತ್ತಾರೆ, ಅದೇ ವಾರ ಇವಳು ನನ್ನ ನಾಯಕಿಯ ಪ್ರೇಮದ ಬಗ್ಗೆ ಮಾತಾಡುತ್ತಾ ಕೂತಿದ್ದಾಳೆ! ಹೊಸ ಕರಡಿನಲ್ಲಿ ಅವಳು ಮಾರಾಟವಾಗಿ ಹೋದ ಮಗಳನ್ನು ಹುಡುಕುತ್ತಿದ್ದಾಳೆ. ನಾಯಕಿ ಅವಳಿಗೆ ಕಾಗದ ಬರೆದುಕೊಡುತ್ತಾಳೆ. ಉತ್ತರ ಬರುವುದಿಲ್ಲ. ಉತ್ತರದವರೂ ದಕ್ಷಿಣದವರೂ ಒಂದೇ ಬೈಬಲ್ ಓದಿ ಒಂದೇ ದೇವರಿಗೆ ಪ್ರಾರ್ಥಿಸುತ್ತಾರೆ ಅಂತ ಲಿಂಕನ್ 1865ರ ಭಾಷಣದಲ್ಲಿ ಹೇಳಿದರು. ಅದನ್ನು ಬಟ್ಟೆ ಒಗೆಯುವ ಈ ಹೆಂಗಸು ಎರಡು ವರ್ಷ ಮೊದಲೇ ಬಲ್ಲಳು. ಅವಳನ್ನು ಇಟ್ಟುಕೊಂಡಿದ್ದ ಯಜಮಾನನೂ ದಿನಾ ಪ್ರಾರ್ಥನೆ ಮಾಡುತ್ತಿದ್ದವನೇ.

ಕನ್ನಡದಲ್ಲಿ ಬರೆದದ್ದರಿಂದ ನನಗೆ ಒಂದು ಲಾಭ ಆಯಿತು. ನಾಯಕಿ ನಾಯಕನಿಗೆ ‘ನೀವು’ ಅನ್ನುತ್ತಾಳೆ, ಡಾಕ್ಟರಿಗೂ ‘ನೀವು’. ಪ್ರಾರ್ಥನೆಯಲ್ಲಿ ಮಾತ್ರ ‘ನೀನು’. ನಾವು ದೇವರನ್ನು ಏಕವಚನದಲ್ಲೇ ಕರೆಯುವುದಲ್ವಾ? ಇದು ಹೊಳೆದ ಮೇಲೆ ಇಡೀ ಹಸ್ತಪ್ರತಿ ತಿದ್ದಿದೆ. ಅವಳ ಬಾಯಲ್ಲಿ ಬೇರೆ ಯಾರಿಗೂ ‘ನೀನು’ ಬರದ ಹಾಗೆ, ಒಂದು ‘ಬಾ’, ಒಂದು ‘ಹೋಗು’ ಕೂಡ ಉಳಿಯದ ಹಾಗೆ ನೋಡಿಕೊಂಡೆ. ಪಕ್ಕದ ಮಂಚದ ಹುಡುಗನಿಗೂ ಅವಳು ‘ನೀವು’ ಅನ್ನುತ್ತಾಳೆ. ಅವನಿಗೆ ಅದು ನಗು ತರಿಸುತ್ತದೆ.

ಕೊನೆಯ ಅಧ್ಯಾಯದಲ್ಲಿ ಒಂದು ರಾತ್ರಿ ನಾಯಕನಿಗೆ ಇಲ್ಲದ ಪಾದ ತುರಿಸುತ್ತದೆ. ಕಳೆದುಹೋದ ಅಂಗ ಇದ್ದ ಹಾಗೇ ಅನಿಸುವುದಕ್ಕೆ ಸೈಲಸ್ ವಿಯರ್ ಮಿಚೆಲ್ ಎಂಬ ಡಾಕ್ಟರ್ ಹೆಸರು ಕೊಟ್ಟದ್ದು 1871ರಲ್ಲಿ. ಇವರಿಗೆ ಆ ಹೆಸರು ಗೊತ್ತಿಲ್ಲ. ತನಗೆ ತಲೆ ಕೆಡುತ್ತಿದೆ ಅಂತ ಅವನ ಹೆದರಿಕೆ. ಬೋಳು ತಲೆಗೆ ಬಟ್ಟೆ ಕಟ್ಟಿಕೊಂಡ ಅವಳು ಮಂಚದ ಕಾಲ್ದೆಸೆಗೆ ಹೋಗುತ್ತಾಳೆ. ಪಾದ ಇರಬೇಕಾಗಿದ್ದ ಜಾಗದಲ್ಲಿ ಕಂಬಳಿಯನ್ನು ಬಿಡಿಸಿ, ಸುಕ್ಕು ತೆಗೆದು, ‘ಎಲ್ಲಿ, ಹೇಳು’ ಅನ್ನುತ್ತಾಳೆ.

ಕರಡಚ್ಚು ತಿದ್ದುವವರು ಅದನ್ನು ‘ಹೇಳಿ’ ಅಂತ ಮಾಡಿ ಕಳಿಸಿದ್ದರು. ಪಕ್ಕದಲ್ಲಿ ವಿವರಣೆಯೂ ಇತ್ತು: ಇಡೀ ಪುಸ್ತಕದಲ್ಲಿ ಬಹುವಚನವೇ ಇದೆ, ಇಲ್ಲಿ ಕೈತಪ್ಪಾಗಿದೆ. ನಾನು ಕೊಂಬನ್ನು ಮತ್ತೆ ಹಾಕಿ ವಾಪಸ್ ಕಳಿಸಿದೆ.