ಅಡಿಕೆ ರೇಟಿನ ಸೈಟು, ಹಳೇ ಆಫೀಸ್ ಕಂಪ್ಯೂಟರ್ ಮತ್ತು ನಾನು ಎಡವಿದ ಜಾಗಗಳು

ಅಡಿಕೆ ರೇಟು ಹಾಕುವ ಒಂದು ಸಣ್ಣ ವೆಬ್‌ಸೈಟನ್ನು ಮನೆಯಿಂದಲೇ ನಡೆಸುತ್ತೇನೆ. ರಾಶಿ, ಬೆಟ್ಟೆ, ಚಾಲಿ, ಗೊರಬಲು – ಅಂದಂದಿನ ದರ, ಅಷ್ಟೇ. ಹಗಲೆಲ್ಲ ಆ ಕಡೆ ಯಾರೂ ಸುಳಿಯುವುದಿಲ್ಲ. ಸಂಜೆ ರೇಟು ಹಾಕಿ ವಾಟ್ಸಾಪ್ ಗುಂಪುಗಳಿಗೆ ಲಿಂಕ್ ಬಿಟ್ಟೆನೋ, ಹತ್ತು ನಿಮಿಷ ಜಾತ್ರೆ.

ಸರ್ವರ್ ಎಂದರೆ ಡೆಲ್ ಆಪ್ಟಿಪ್ಲೆಕ್ಸ್ 7010. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ತಂದದ್ದು. ಯಾವುದೋ ಆಫೀಸಿನ ಆಸ್ತಿ ಸಂಖ್ಯೆಯ ಚೀಟಿ ಇನ್ನೂ ಬೆನ್ನಿಗೆ ಅಂಟಿಕೊಂಡಿದೆ. 2012ರ ಕೋರ್ ಐ5-3470, ನಾಲ್ಕು ಕೋರ್, 4 ಜಿಬಿ ರ‍್ಯಾಮ್, ತಿರುಗುವ ಹಾರ್ಡ್ ಡಿಸ್ಕ್. ಡೆಬಿಯನ್ ಎಂಬ ಲಿನಕ್ಸ್ ಹಾಕಿ, ಪುಟ ಕಳಿಸುವ ಅಪಾಚೆ, ಪುಟ ಕಟ್ಟುವ ಪಿಎಚ್‌ಪಿ, ವರ್ಡ್‌ಪ್ರೆಸ್ ಕೂರಿಸಿದೆ. ಮೊದಲ ವಾರ ಸಲೀಸು.

ಎರಡನೇ ವಾರ ರೇಟು ದಿಢೀರ್ ಏರಿತು. ಅವತ್ತು ಸಂಜೆ ಮಾವನ ಫೋನು: "ಎಂತ ಮಾರಾಯ, ನಿನ್ನ ಸೈಟು ಬರೀ ತಿರುಗ್ತಾ ಇದ್ಯಲ್ಲ!" ಡಬ್ಬಿಯ ಹತ್ತಿರ ಹೋದರೆ ಹಾರ್ಡ್ ಡಿಸ್ಕ್ ಕರಕರ ಅನ್ನುತ್ತಿತ್ತು. ಅದರ ದೀಪ ಮಿನುಗುತ್ತಲೇ ಇರಲಿಲ್ಲ, ಒಂದೇ ಸಮ ಉರಿಯುತ್ತಿತ್ತು. ಲಾಗಿನ್ ಆಗಲು ಎರಡು ನಿಮಿಷ ಬೇಕಾಯಿತು. ನೋಡಿದರೆ ಸಿಪಿಯು ಸುಮ್ನೆ ಕೂತಿದೆ, ಡಿಸ್ಕಿಗಾಗಿ ಕಾಯುತ್ತಿದೆ. ಮೆಮೊರಿ ಸಾಲದಾಗ ಡಿಸ್ಕಿನಲ್ಲಿ ಬಳಸುವ ಜಾಗ, ಅಂದರೆ ಸ್ವಾಪ್, ಮಾತ್ರ ತುಂಬಿ ಹೋಗಿದೆ.

ಲೆಕ್ಕ ಹಾಕಿದಾಗ ನಗು ಬಂತು. ನನ್ನ ಅಪಾಚೆ ಪ್ರಿಫೋರ್ಕ್ ರೀತಿಯಲ್ಲಿ ಓಡುತ್ತಿತ್ತು, ಅಂದರೆ ಬಂದ ಒಬ್ಬೊಬ್ಬರಿಗೂ ಒಂದೊಂದು ಪ್ರೊಸೆಸ್. ಒಟ್ಟಿಗೆ ಓಡುವ ಪ್ರೊಸೆಸ್ ಮಿತಿ 150. ಒಂದೊಂದು ಪ್ರೊಸೆಸ್ ಸುಮಾರು 50 ಎಂಬಿ ತಿನ್ನುತ್ತಿತ್ತು. ಒಟ್ಟು ಏಳೂವರೆ ಜಿಬಿ. ಇರುವುದು ನಾಲ್ಕು! ಉಳಿದದ್ದೆಲ್ಲ ಡಿಸ್ಕಿಗೆ ಹೋಗಬೇಕು. ಅಲ್ಲಲ್ಲಿ ಚದುರಿದ ಮಾಹಿತಿ ಹೆಕ್ಕುವಾಗ ಇಂಥ ಡಿಸ್ಕ್ ಸೆಕೆಂಡಿಗೆ ನೂರು ಸಲ ಓಡಾಡಿದರೆ ಹೆಚ್ಚು.

ಮಿತಿಯನ್ನು 150ರಿಂದ 40ಕ್ಕೆ ಇಳಿಸಿದೆ. ಇಳಿಸಿದರೆ ಜಾಸ್ತಿ ಜನ ಹಿಡಿಸುತ್ತಾರಾ ಎಂದು ಕೇಳಬಹುದು. ಬಸ್ ಸ್ಟ್ಯಾಂಡಿನ ಹೋಟೆಲ್ ನೆನೆಸಿಕೊಳ್ಳಿ. ಕುರ್ಚಿ ಇದ್ದಷ್ಟು ಜನ ಒಳಗೆ, ಮಿಕ್ಕವರು ಬಾಗಿಲಲ್ಲಿ ನಿಂತರೆ ದೋಸೆ ಬರುತ್ತಲೇ ಇರುತ್ತದೆ. ಎಲ್ಲರನ್ನೂ ಒಳಗೆ ತುಂಬಿಕೊಂಡರೆ ಭಟ್ಟರಿಗೆ ಕೈ ಆಡಿಸಲೂ ಜಾಗವಿಲ್ಲ. ಡಿಸ್ಕ್ ತೆಗೆದು, ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿ ಹಾಕಿದ್ದೂ ಆಗಲೇ.

ಆಮೇಲೆ ಹೊಳೆಯಿತು: ದಿನಕ್ಕೊಮ್ಮೆ ಬದಲಾಗುವ ಪುಟವನ್ನು ಬಂದವರಿಗೆಲ್ಲ ಹೊಸದಾಗಿ ಬೇಯಿಸುವುದೇಕೆ? ರೇಟು ಹಾಕಿದ ಕೂಡಲೇ ಒಂದು ಎಚ್‌ಟಿಎಂಎಲ್ ಫೈಲ್ ತಯಾರಾಗುವಂತೆ ಮಾಡಿ, ಅಪಾಚೆಯಂಥದ್ದೇ ಆದರೆ ಹಗುರಾದ ಎಂಜಿನ್‌ಎಕ್ಸ್ ಕೈಗೆ ಕೊಟ್ಟೆ. ಕೇಬಲ್ ಹಾಕಿದ ಲ್ಯಾಪ್‌ಟಾಪಿನಿಂದ ಎಬಿ ಎಂಬ ಪರೀಕ್ಷಾ ಸಾಧನ ಓಡಿಸಿದೆ. ಮುಂಚೆ ಸೆಕೆಂಡಿಗೆ ಇಪ್ಪತ್ತರ ಆಸುಪಾಸು ಪುಟ ಬರುತ್ತಿತ್ತು. ಈಗ ಮೂರು ಸಾವಿರ ದಾಟಿತು. ಅವತ್ತು ನನ್ನ ಜಂಬ ನೋಡಬೇಕಿತ್ತು.

ಮರುದಿನ ಸಂಜೆ ಮತ್ತೆ ಮಾವನ ಫೋನು. "ಅಕ್ಷರ ಬಂತು ಮಾರಾಯ, ಫೋಟೋ ಅರ್ಧಕ್ಕೇ ನಿಂತಿದೆ."

ಈ ಸಲ ಡಬ್ಬಿಯ ತಪ್ಪಲ್ಲ. ನನ್ನ ಬ್ರಾಡ್‌ಬ್ಯಾಂಡಿನ ಅಪ್‌ಲೋಡ್ 40 ಎಂಬಿಪಿಎಸ್. ಅದು ಬಿಟ್‌ಗಳ ಲೆಕ್ಕ. ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 5 ಎಂಬಿ. ಪುಟದ ಮೇಲೆ ಚೆಂದಕ್ಕೆಂದು ಹಾಕಿದ್ದ ಅಡಿಕೆ ಗೊನೆಯ ಫೋಟೋ ಒಂದೇ 1.8 ಎಂಬಿ. ಎಲ್ಲ ಸೇರಿ ಪುಟ 2 ಎಂಬಿ. ಅಂದರೆ ಸೆಕೆಂಡಿಗೆ ಎರಡೂವರೆ ಜನ! ಒಟ್ಟಿಗೆ 600 ಜನ ಬಂದರೆ ನಾಲ್ಕು ನಿಮಿಷ. ಮನೆಯೊಳಗಿನ ಗಿಗಾಬಿಟ್ ಕೇಬಲ್‌ನಲ್ಲಿ ಪರೀಕ್ಷೆ ಮಾಡಿದ್ದರಿಂದ, ಅದೂ ಎಬಿ ಫೋಟೋ ಎಳೆಯದೆ ಬರೀ ಎಚ್‌ಟಿಎಂಎಲ್ ಮಾತ್ರ ತರುವುದರಿಂದ, ಇದು ಕಣ್ಣಿಗೇ ಬಿದ್ದಿರಲಿಲ್ಲ. ಫೋಟೋವನ್ನು 60 ಕೆಬಿಗೆ ಇಳಿಸಿದೆ, ಬೇಡದ ಪ್ಲಗಿನ್ ಕಿತ್ತೆ, ಕಳಿಸುವ ಮುಂಚೆ ಅಕ್ಷರಗಳನ್ನು ಕುಗ್ಗಿಸುವ ಜಿಜಿಪ್ ಹಾಕಿದೆ. ಪುಟ 100 ಕೆಬಿಗೆ ಬಂತು. ಅದೇ ಬ್ರಾಡ್‌ಬ್ಯಾಂಡಿನಲ್ಲಿ ಈಗ ಸೆಕೆಂಡಿಗೆ 50 ಜನ, 600 ಜನರಿಗೆ ಹನ್ನೆರಡು ಸೆಕೆಂಡ್. ಇದಕ್ಕೆ ಒಂದು ರೂಪಾಯಿ ಖರ್ಚಾಗಲಿಲ್ಲ. ಇದನ್ನೇ ಮೊದಲು ಮಾಡಬೇಕಿತ್ತು, ಅಲ್ವಾ?

ಕರೆಂಟು ನನ್ನಲ್ಲಿ ಸರಾಸರಿ 35 ವ್ಯಾಟ್, ತಿಂಗಳಿಗೆ 25 ಯುನಿಟ್. ಇದಕ್ಕಿಂತ ಹಳೇ ಚಿಪ್ಪಾದ ಕೋರ್ 2 ಡ್ಯುಯೋ ಕಾಲದ ಡಬ್ಬಿ ಇದಕ್ಕಿಂತ ಅಗ್ಗಕ್ಕೆ ಸಿಗುತ್ತದೆ, ಆದರೆ ಎಚ್‌ಟಿಟಿಪಿಎಸ್‌ಗೆ ಬೇಕಾದ ಎಇಎಸ್ ಗೂಢಲಿಪಿಗೆ ಅದರ ಚಿಪ್ಪಿನಲ್ಲಿ ಪ್ರತ್ಯೇಕ ವ್ಯವಸ್ಥೆ ಇಲ್ಲ, ಆ ಕೆಲಸ ನಿಧಾನ. ನಾನಂತೂ ತರುವುದಿಲ್ಲ.

ಮಳೆಗಾಲದಲ್ಲಿ ಇನ್ನೊಂದು ಪಾಠ ಆಯಿತು. ಕರೆಂಟು ಬಂದ ಕೂಡಲೇ ತಾನೇ ಆನ್ ಆಗಲಿ ಎಂದು ಬೋರ್ಡಿನ ಮೂಲ ಸೆಟ್ಟಿಂಗ್ ಇರುವ ಬಯೋಸ್‌ನಲ್ಲಿ ಸೆಟ್ ಮಾಡಿದ್ದೆ. ಒಂದು ರಾತ್ರಿ ಕರೆಂಟು ಹೋಗಿ ಬಂತು. ಫ್ಯಾನ್ ತಿರುಗುತ್ತಿದೆ, ಸೈಟು ಇಲ್ಲ. ಮಾನಿಟರ್ ತಂದು ಸಿಕ್ಕಿಸಿದರೆ, ಗಡಿಯಾರದ ಸಮಯ ಸರಿಯಿಲ್ಲ, ಮುಂದುವರಿಯಲು ಎಫ್1 ಒತ್ತಿ ಎಂದು ಕಾಯುತ್ತಿದೆ. ಬೋರ್ಡಿನ ಗಡಿಯಾರ ನಡೆಸುವ ಸಿಆರ್2032 ಬಿಲ್ಲೆ ಬ್ಯಾಟರಿ ಸತ್ತಿತ್ತು. ಎಫ್1 ಒತ್ತಿ ಮಲಗಿದೆ. ಬೆಳಿಗ್ಗೆ ವಾಚ್ ರಿಪೇರಿ ಅಂಗಡಿಗೆ ಹೋಗಿ ಎರಡು ಬಿಲ್ಲೆ ತಂದೆ. ಒಂದು ಡಬ್ಬಿಗೆ, ಇನ್ನೊಂದು ಡ್ರಾಯರಿಗೆ.